ಹತ್ತನೆಯ ಗೆಲುವಿನ ಸಂಜೆ

ದೀಪಾವಳಿ ಕಳೆದು ಒಂದು ವಾರವಾಗಿತ್ತು. 2024ರ ನವೆಂಬರ್ 9ರ ಶನಿವಾರ ಮಧ್ಯಾಹ್ನ, ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ನಿನಲ್ಲಿ, ಪಕ್ಕದ ಮನೆಯ ಹಿರಿಯರ ಜೊತೆ ನಾನು ಮೆಮೋರಿಯಲ್ ಸ್ಟೇಡಿಯಮ್ಮಿಗೆ ಹೊರಟೆ. ಅವರು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 1967ರಲ್ಲಿ ಇಲ್ಲಿಯ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡ ಒಂಬತ್ತು ಪಂದ್ಯ ಗೆದ್ದು, ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯವಾದ ರೋಸ್ ಬೌಲ್‌ವರೆಗೆ ಹೋಗಿತ್ತು. ಅದಕ್ಕೆ ಮೊದಲು 1945ರಲ್ಲೊಮ್ಮೆ ತಂಡ ಒಂಬತ್ತು ಪಂದ್ಯ ಗೆದ್ದಿತ್ತು. ಹತ್ತು ಎಂಬ ಸಂಖ್ಯೆಯನ್ನು ಅದು ಅಲ್ಲಿಯವರೆಗೆ ಮುಟ್ಟಿರಲೇ ಇಲ್ಲ. ಈ ಸಲ ಆಡಿದ ಒಂಬತ್ತು ಪಂದ್ಯಗಳನ್ನೂ ಗೆದ್ದು ನಿಂತಿದ್ದ ನಮ್ಮ ತಂಡಕ್ಕೆ ಅಂದಿನ ಎದುರಾಳಿ ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್ ಮಿಶಿಗನ್.

ಹಿರಿಯರಿಗೊಂದು ಅಭ್ಯಾಸವಿತ್ತು. ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದು, ಅಂದರೆ ಮೂರನೆಯ ಕ್ವಾರ್ಟರ್, ಮುಗಿಯುತ್ತ ಬಂದಂತೆ ಕೋಟಿನ ಜೇಬಿನಿಂದ ಕಾರಿನ ಕೀ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಅದು ಹೊರಡೋಣ ಎಂಬುದರ ಸೂಚನೆ. ಮಾತಿನ ಅಗತ್ಯವೇ ಇರುತ್ತಿರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಪಂದ್ಯ ಸಾಮಾನ್ಯವಾಗಿ ಕೈತಪ್ಪಿರುತ್ತಿತ್ತು. ಬ್ಯಾಸ್ಕೆಟ್‌ಬಾಲನ್ನು ಉಸಿರಿನಂತೆ ಕಾಣುವ ಈ ಊರಿನಲ್ಲಿ ಫುಟ್‌ಬಾಲ್ ಎಂದರೆ ಪಾರ್ಕಿಂಗ್ ಮೈದಾನದಲ್ಲಿ ಒಲೆ ಹೂಡಿ, ಸ್ನೇಹಿತರೊಡನೆ ಉಂಡು, ಮನಸ್ಸಾದರೆ ಒಳಗೆ ಹೋಗುವ ಒಂದು ಶರತ್ಕಾಲದ ರೂಢಿಯಾಗಿತ್ತು. ಇಂಥ ಊರಿನ ಜನ ಸೋಲನ್ನು ಹವಾಮಾನದಂತೆ ಒಪ್ಪಿಕೊಂಡಿದ್ದರು. ನಾನೂ ಇಲ್ಲಿ ನೆಲೆಸಿದ ಮೇಲೆ ಅದನ್ನೇ ಕಲಿತಿದ್ದೆ.

2023ರಲ್ಲಿ ತಂಡ ಮೂರು ಗೆದ್ದು ಒಂಬತ್ತು ಸೋತ ಮೇಲೆ, ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಕರ್ಟ್ ಸಿಗ್ನೆಟಿ ಮುಖ್ಯ ಕೋಚ್ ಆಗಿ ಬಂದರು. ಅರವತ್ತು ದಾಟಿದವರು, ತರಬೇತುದಾರನ ಮಗ, ನಗು ಕಡಿಮೆ. ಆಟಗಾರರು ಇಲ್ಲಿಗೆ ಬರಬೇಕೆಂದು ಹೇಗೆ ಒಪ್ಪಿಸುತ್ತೀರಿ ಎಂದು ಕೇಳಿದಾಗ, ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ ಎಂದು ಉತ್ತರಿಸಿದ್ದರು. ಆ ಮಾತು ಹಿರಿಯರಿಗೆ ರುಚಿಸಿರಲಿಲ್ಲ. ನನಗೆ ಮಾತ್ರ ಅದರಲ್ಲಿ ಜಂಬಕ್ಕಿಂತ ಹೆಚ್ಚಾಗಿ, ಇಲ್ಲಿಯ ಸೋಲು ವಿಧಿಲಿಖಿತವೇನಲ್ಲ ಎಂಬ ದೃಢತೆ ಕಂಡಿತ್ತು. ಜೇಮ್ಸ್ ಮ್ಯಾಡಿಸನ್‌ನ ಅವರ ಹಳೆಯ ತಂಡದಿಂದ ಹದಿಮೂರು ಆಟಗಾರರು ಅವರ ಹಿಂದೆಯೇ ಬಂದರು. ಒಹಾಯೊ ವಿಶ್ವವಿದ್ಯಾಲಯದಿಂದ ಕೆನಡಾದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಕರ್ಟಿಸ್ ರೂರ್ಕ್ ಬಂದರು. ದೊಡ್ಡ ವಿಶ್ವವಿದ್ಯಾಲಯಗಳು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳದ ಹುಡುಗರೇ ಅವರಲ್ಲಿ ಅನೇಕರು. ಅಕ್ಟೋಬರಿನಲ್ಲಿ ನೆಬ್ರಾಸ್ಕವನ್ನು 56–7ರಿಂದ ಸೋಲಿಸಿದ ದಿನ ರೂರ್ಕ್ ಹೆಬ್ಬೆರಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಒಂದೇ ಪಂದ್ಯ ಬಿಟ್ಟು ಅವರು ಮರಳಿ ಕಣಕ್ಕಿಳಿದಿದ್ದರು.

ಅಂದಿನ ಮೊದಲರ್ಧ ನಮ್ಮದಾಗಿತ್ತು, 17–3. ವಿರಾಮದ ಹೊತ್ತಿಗೆ ಸುತ್ತಲಿನವರೆಲ್ಲ ಹಬ್ಬದ ಮನೆಯವರಂತೆ ಮಾತನಾಡುತ್ತಿದ್ದರು. ಆಮೇಲೆ ಏನಾಯಿತೋ, ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕಾದ ಈ ಆಟದಲ್ಲಿ ನಮ್ಮವರಿಗೆ ಗಜ ಗಜವೂ ದುಬಾರಿಯಾಯಿತು. ಮಿಶಿಗನ್ ಮೂರು ಅಂಕ, ಮತ್ತೆ ಮೂರು ಅಂಕ ಎಂದು ಹತ್ತಿರ ಬಂದು, ಚೆಂಡನ್ನು ನಮ್ಮ ಕೊನೆಯ ಗೆರೆ ದಾಟಿಸಿ ಆರು ಅಂಕದ ಟಚ್‌ಡೌನ್ ಗಳಿಸಿ 17–15 ಮಾಡಿತು. ಟಚ್‌ಡೌನ್ ನಂತರ ಸಿಗುವ, ಸಮ ಮಾಡಬಹುದಾಗಿದ್ದ ಎರಡು ಅಂಕಗಳ ಯತ್ನ ವಿಫಲವಾದಾಗ ಎದ್ದ ಕೂಗಿನಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. 1987ರ ನಂತರ ಅಂದಿನವರೆಗೆ ನಾವು ಮಿಶಿಗನ್ ವಿರುದ್ಧ ಗೆದ್ದದ್ದು ಒಮ್ಮೆ ಮಾತ್ರ, ಅದೂ 2020ರಲ್ಲಿ, ಕೋವಿಡ್ ಕಾರಣದಿಂದ ಊರಿನ ಜನ ಒಳಗೆ ಬರಲಾಗದಿದ್ದ ಸ್ಟೇಡಿಯಮ್ಮಿನಲ್ಲಿ.

ಆ ಹೊತ್ತಿಗೆ ಕತ್ತಲಾಗಿ ದೀಪಗಳು ಉರಿಯುತ್ತಿದ್ದವು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಹಿರಿಯರ ಕೈಗೆ ಕೀ ಬಂದಿತ್ತು; ಅಷ್ಟು ವರ್ಷಗಳ ಅಭ್ಯಾಸದಿಂದ ಬೆರಳುಗಳು ತಾವಾಗಿಯೇ ಜೇಬಿಗೆ ಹೋಗಿರಬೇಕು. ಆದರೆ ಅದು ತೊಡೆಯ ಮೇಲೆ ಇರಲಿಲ್ಲ. ಬಲಗೈ ಮುಷ್ಟಿಯೊಳಗೆ ಅದನ್ನು ಅದುಮಿ ಹಿಡಿದು, ಎಡಗೈಯಿಂದ ಮುಂದಿನ ಬೆಂಚನ್ನು ಊರಿಕೊಂಡು ಅವರು ನಿಂತಿದ್ದರು. ಮಾತನಾಡಿಸಲು ನನಗೆ ಧೈರ್ಯವಾಗಲಿಲ್ಲ. ಸೋಲಿನ ಮಧ್ಯೆ ನಿರಾಳವಾಗಿ ಕುಳಿತಿರುತ್ತಿದ್ದವರು ಗೆಲುವು ಕೈಗೆಟುಕುವಷ್ಟು ಹತ್ತಿರವಿದ್ದಾಗ ಹೀಗೆ ನಡುಗುವುದನ್ನು ನಾನು ನೋಡಿದ್ದು ಅದೇ ಮೊದಲು, ಮತ್ತು ಆ ನಡುಕ ನನ್ನ ಮೊಣಕಾಲುಗಳಲ್ಲೂ ಇತ್ತು. ಸೈಡ್‌ಲೈನಿನಲ್ಲಿ ಕೋಚ್ ಎಂದಿನ ಬಿಗಿಮುಖದಲ್ಲೇ ಇದ್ದರು. ಕೊನೆಗೂ ನಮ್ಮ ನಿಕೊಲಾಸ್ ರಡಿಚಿಕ್ ಒದ್ದ ಮೂರು ಅಂಕದ ಫೀಲ್ಡ್ ಗೋಲ್ ಕಂಬಗಳ ನಡುವೆ ಹಾದುಹೋಯಿತು, 20–15. ಮಿಶಿಗನ್‌ನ ಉಳಿದ ಪ್ರಯತ್ನ ಅಂಕ ತಾರದೆ ಮುಗಿಯಿತು.

ಹಿರಿಯರು ಮುಷ್ಟಿ ಬಿಚ್ಚಿದಾಗ ಅಂಗೈಯ ಮೇಲೆ ಕೀಯ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು. ಅದನ್ನು ಅವರು ಹೆಬ್ಬೆರಳಿನಿಂದ ಸವರಿಕೊಂಡು, ಕೀಯನ್ನು ನನ್ನ ಕೈಗಿತ್ತು, ಇವತ್ತು ನೀನೇ ಓಡಿಸು ಎಂದರು. ಮೈದಾನ ಬಿಟ್ಟು ರಸ್ತೆ ಸೇರಲು ಬಹಳ ಹೊತ್ತು ಹಿಡಿಯಿತು. ಎಲ್ಲರೂ ಕೊನೆಯವರೆಗೆ ಉಳಿದದ್ದರಿಂದ ಎಲ್ಲರೂ ಒಟ್ಟಿಗೇ ಹೊರಟಿದ್ದರು.

ಮುಂದಿನ ಪಂದ್ಯದಲ್ಲಿ ಒಹಾಯೊ ಸ್ಟೇಟ್ ನಮ್ಮನ್ನು 38–15ರಿಂದ ಸೋಲಿಸಿತು, ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆದ ಡಿಸೆಂಬರಿನ ಪ್ಲೇಆಫ್‌ನಲ್ಲಿ ನಾಟರ್‌ಡೇಮ್ 27–17ರಿಂದ. ಆ ಎರಡು ಸೋಲುಗಳೂ ನಿಜಕ್ಕೂ ನೋಯಿಸಿದವು. ಅವುಗಳ ನಡುವೆ, ನವೆಂಬರ್ 30ರ ಚಳಿಯ ರಾತ್ರಿ, ಹಳೆಯ ಎದುರಾಳಿ ಪರ್ಡ್ಯೂ ಬ್ಲೂಮಿಂಗ್ಟನ್ನಿಗೆ ಬಂದಿತ್ತು. ಆ ಪಂದ್ಯ 66–0ರಲ್ಲಿ ಮುಗಿಯಿತು. ಮೂರನೆಯ ಕ್ವಾರ್ಟರ್ ಮುಗಿದಾಗ ಹೊರಡೋಣವೇ ಎಂದು ನಾನೇ ಕೇಳಿದೆ. ಹಿರಿಯರು ಕಂಬಳಿಯನ್ನು ಮೊಣಕಾಲಿನ ಮೇಲೆ ಸರಿಯಾಗಿ ಹೊದ್ದುಕೊಂಡು, ಇನ್ನೂ ಹದಿನೈದು ನಿಮಿಷದ ಆಟವಿದೆಯಲ್ಲ ಎಂದರು.