ಗಡಹಿಂಗ್ಲಜ ಕಡೆ ಸಿಪಾಯಿಗಳ ತಾರೀಖ ಪಟ್ಟಿ: ಮಾನಮಿ ಅಮಾಸಿ ಆದಮ್ಯಾಲಿನ ಅಪ್ಡೇಟ್

ಮಾನಮಿ ಅಮಾಸಿ (ಮಹಾಲಯ ಅಮಾವಾಸ್ಯೆ) ಮುಗೀತು, ಪಟ್ಟಿ ಕೆಲಸಾನೂ ಸ್ವಲ್ಪ ಮುಂದ ಹೋಗೈತಿ, ಅದ್ಕ ಬರ್ಯಾಕತ್ತೇನಿ. ಹೊಸದಾಗಿ ಓದಾವ್ರಿಗೆ ಇಷ್ಟ ಹೇಳ್ತೀನಿ. ಸಂಕೇಶ್ವರ ಗಡಿಗೆ ಹತ್ತಿದ ನಮ್ಮ ಗಡಹಿಂಗ್ಲಜ ತಾಲೂಕಿನ ಕನ್ನಡ ಮನಿಗಳಿಂದ ಎರಡನೇ ಮಹಾಯುದ್ಧಕ್ಕ ಹೋಗಿ ತಿರುಗಿ ಬರದವ್ರು ಯಾರು, ಎಲ್ಲಿ ಯಾವ ತಾರೀಖಿಗೆ ಸತ್ರು, ಮನ್ಯಾಗ ಅವ್ರನ್ನ ಯಾವತ್ತ ನೆನಸ್ತಾರ, ಇದನ್ನ ಒಂದ ಶೀಟಿನ್ಯಾಗ ಕೂಡಸೋದು, ಆಮ್ಯಾಲ ಅದ್ನ ಒಂದ ಗ್ವಾಡಿ ಕ್ಯಾಲೆಂಡರ್ ಮಾಡೋದು.

ಮೊದಲ ಹುಡುಕೋ ಕೆಲಸದ ಬಗ್ಗೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್, ಅಂದ್ರ ಯುದ್ಧದಾಗ ಸತ್ತ ಸಿಪಾಯಿಗಳ ಸಮಾಧಿ, ಸ್ಮಾರಕ ನೋಡಿಕೊಳ್ಳೋ ಸಂಸ್ಥೆ, ಅದ್ರ ರೆಕಾರ್ಡ್ ಆನ್‌ಲೈನ್ ಅದಾವ, ಫುಕಟ್ ನೋಡಬಹುದು. ಆದ್ರ ಬರೇ ಹೆಸರು ಹಾಕಿದ್ರ ಏನೂ ಸಿಗಂಗಿಲ್ಲ, ಯಾಕಂದ್ರ ಆಗಿನ ಕ್ಲಾರ್ಕ್‌ಗಳು "ಅಪ್ಪ", "ಅಣ್ಣ" ಅಂತ ಮುಗಿಯೋ ನಮ್ಮ ಹೆಸರುಗಳನ್ನ ಕಿವಿಗೆ ಕೇಳಿದಂಗ ಬರದಾರ, ಒಂದೊಂದ್ರಾಗ ಅಪ್ಪನೂ ಇಲ್ಲ ಅಣ್ಣನೂ ಇಲ್ಲ. ನಾ ಈಗ ರೆಜಿಮೆಂಟ್ ಹಾಕಿ, ಆಗಿನ ಸ್ಪೆಲ್ಲಿಂಗಿನ (Mahratta) ಐದನೇ ಮರಾಠಾ ಲೈಟ್ ಇನ್‌ಫೆಂಟ್ರಿ, ಅದ್ರಾಗ ಕೊಲ್ಲಾಪುರ, ಬೆಳಗಾಂವ ಅಂತ ಇರೋ ಎಂಟ್ರಿ ಒಂದೊಂದ ತಗದು ತಂದಿ ಹೆಸರು, ಹೆಂಡತಿ ಹೆಸರು ಕೂಡ್ತೈತೋ ಇಲ್ಲೋ ನೋಡ್ತೀನಿ. ಹೆಂಡತಿ ಹೆಸರಿದ್ರ ಕೆಲಸ ಹಗುರ, ಊರಾಗ ಕೇಳಿದ್ರ ಯಾರರೆ ಗುರ್ತ ಹಿಡಿತಾರ.

ಇನ್ನೊಂದ, ಸಮಾಧಿ ಫೋಟೋ ಕೊಡ್ರಿ ಅಂತ ಬಾಳ ಮಂದಿ ಕೇಳ್ತಾರ. ಹಿಂದೂ ಸಿಪಾಯಿಗಳನ್ನ ದಹನ ಮಾಡ್ತಿದ್ರು, ಹಂಗಾಗಿ ಬಾಳ ಮಂದಿಗೆ ಸಮಾಧಿ ಇರಂಗಿಲ್ಲ, ಹೆಸರಷ್ಟ ಇರ್ತೈತಿ. ಇಟಲ್ಯಾಗ ಸಾಂಗ್ರೋ ನದಿ ಸ್ಮಶಾನದಾಗ ಇದಕ್ಕಂತನ ಬ್ಯಾರೆ ಸ್ಮಾರಕ ಐತಿ, ಫೋರ್ಲಿ ಊರಾಗ ಒಂದೈತಿ, ಎರಿಟ್ರಿಯಾದ ಕೆರೆನ್‌ದಾಗ ಒಂದೈತಿ. ಬರ್ಮಾದಾಗ ಸತ್ತು ದೇಹ ಸಿಗಲಾರದವ್ರು ರಂಗೂನ್ ಮೆಮೋರಿಯಲ್ ಕಂಬಗಳ ಮ್ಯಾಲ ಅದಾರ, ಅಲ್ಲಿ ಸುಮಾರು 27,000 ಹೆಸರು.

ಈಗ ಈ ಸಲದ ದೊಡ್ಡ ಕೆಲಸ. ಒಬ್ಬ ಆಯಿ, ಎಂಬತ್ತೈದರ ಆಸುಪಾಸು ವಯಸ್ಸು, ಅವ್ರ ಅಪ್ಪ ಇಟಲಿಗೆ ಹೋಗಿ ಬರಲಿಲ್ಲ. ಮನಿ ಮಂದಿಗೆ ಗೊತ್ತಿದ್ದದ್ದು ಇಷ್ಟ: ತಾರು ಬಂತು, ಓದಿ ಹೇಳಾಕ ಶಾಲಿ ಮಾಸ್ತರನ್ನ ಕರಸಿದ್ರು, ಅಷ್ಟ. ತಾರೀಖ ಯಾರೂ ನೆನಪಿಟ್ಟಿಲ್ಲ. ತಿಥಿ ಗೊತ್ತಿಲ್ಲದವ್ರಿಗೆ ಮಾನಮಿ ಅಮಾಸಿ ದಿನ ಎಡಿ ಹಿಡಿಯೋದು ನಮ್ಮ ಕಡೆ ಪದ್ಧತಿ, ಅವ್ರೂ ಅವತ್ತಿಂದ ಹಂಗ ನಡಸಿಕೊಂಡ ಬಂದಾರ. ಈ ವರ್ಷ ನನ್ನನ್ನೂ ಕರದಿದ್ರು. ಹೋಳಗಿ, ಕಡಬು, ವಡಿ, ಕಡ್ಲಿಬ್ಯಾಳಿ ಪಲ್ಯ, ಎಲ್ಲಾ ಹಿರ್ಯಾರಿಗೆ ಸಾಲಾಗಿ ಎಲಿ ಹಾಕ್ಯಾರ, ಆದ್ರ ಒಂದ ಎಲಿ ಬಾಜೂಕ ಮಾತ್ರ ನೀಲಿ ಅಂಚಿನ ಬಿಳಿ ಮಗ್ಗಿನ್ಯಾಗ ಚಾ. ಮಗ್ಗಿನ ಹಿಡಿಕಿ ಹತ್ರ ಬಣ್ಣ ಎದ್ದು ಕಬ್ಬಿಣ ಕಾಣಸ್ತೈತಿ, ತಳಕ್ಕ ಬೆಸುಗಿ ಹಾಕಿಸ್ಯಾರ. ರಜಾಕ್ಕ ಬಂದಾಗ ಆಯಿಯವ್ರ ಅಪ್ಪ ಬಿಟ್ಟ ಹೋದದ್ದಂತ. ಆಯಿಯವ್ರ ಅವ್ವ ಇರೂತನಕ ಅವ್ರ ಚಾ ಇಡ್ತಿದ್ರು, ಆಮ್ಯಾಲ ಆಯಿ, ಈಗ ಮೊಮ್ಮಗನ ಹೆಂಡತಿ ಇಡ್ತಾಳ. ಅಕಿ ಇಚಲಕರಂಜಿಯಿಂದ ಮದುವಿ ಆಗಿ ಬಂದಾಕಿ, ಮನಿ ಮಾತು ಮರಾಠಿ, ಆದ್ರ ಸಕ್ಕರಿ ಎಷ್ಟ ಹಾಕಬೇಕು ಅನ್ನೋದ ಸುದ್ದಾ ಅಕಿಗೆ ಗೊತ್ತೈತಿ.

ನನಗ ಆಯಿಯವ್ರ ಅಪ್ಪನ ರೆಕಾರ್ಡ್ ಸಿಕ್ಕೈತಿ. 1943 ಡಿಸೆಂಬರ್, ಸಾಂಗ್ರೋ ಸ್ಮಾರಕ, ತಂದಿ ಹೆಸರು ಹೆಂಡತಿ ಹೆಸರು ಎರಡೂ ಕೂಡ್ತಾವ. ಆ ನವೆಂಬರ್ ಕಡೀಕ ಎಂಟನೇ ಇಂಡಿಯನ್ ಡಿವಿಜನ್ ಸಾಂಗ್ರೋ ದಾಟಿ ಉತ್ತರಕ್ಕ ಹೊಂಟಿತ್ತು, ಮಳಿಗೆ ನದಿ ಏರಿ ಹಾಕಿದ ಸೇತುವಿ ಕೊಚ್ಚಿ ಹೋಗ್ತಿದ್ವು, ಎಲ್ಲಾ ಕಡೆ ಕೆಸರು. ಇದನ್ನ ಹೇಳಿದಾಗ ಆಯಿ ಕೇಳಿದ್ದು ಒಂದ, ಅಲ್ಲಿ ಥಂಡಿ ಬಾಳ ಇತ್ತೇನಪಾ ಅಂತ. ಇತ್ತರಿ ಅಂದ್ನಿ.

ಮೊಮ್ಮಗ ತಕ್ಷಣ ಮೊಬೈಲಿನ್ಯಾಗ ತಾರೀಖ ಸೇವ್ ಮಾಡಿಕೊಂಡ, ಡಿಸೆಂಬರಕ್ಕ ಫೋಟೋ ಪೂಜಾ ಮಾಡೂಣು, ಸ್ಟೇಟಸ್ ಇಡೂಣು ಅಂದ. ಆಯಿ ಬ್ಯಾಡ ಅನ್ನಲಿಲ್ಲ, "ನೀ ಏನರೆ ಮಾಡಪಾ, ಎಡಿ ಮಾತ್ರ ಅಮಾಸಿಗೇ ಇರಲಿ, ಅವತ್ತ ಅವ್ರವ್ವ ಅಪ್ಪ ಎಲ್ಲಾರ ಕೂಡ ಬರ್ತಾನ, ಒಬ್ಬನ್ನ ಬ್ಯಾರೆ ಯಾಕ ಕರೀಬೇಕು" ಅಂದ್ರು. ನಾ ಅಲ್ಲಿಂದ ಬಂದ ದಿನಾನ ಶೀಟಿನ್ಯಾಗ ಕಾಲಂ ತಿದ್ದೇನಿ. ಮೊದಲ "ಸರಿಯಾದ ತಾರೀಖ" ಅಂತ ಒಂದ ಕಾಲಂ ಇತ್ತು, ಈಗ "ಕಮಿಷನ್ ತಾರೀಖ" ಮತ್ತ "ಮನಿ ದಿನ" ಅಂತ ಎರಡು, ಕ್ಯಾಲೆಂಡರಿನ್ಯಾಗ ಎರಡೂ ಒಂದ ಸೈಜಿನ ಅಕ್ಷರದಾಗ ಬರ್ತಾವ.

ಎಲ್ಲಾ ಮನ್ಯಾಗ ಹಿಂಗಿಲ್ಲ. ನಡುವಿನ ಪೀಳಿಗಿ, ಅಂದ್ರ ಸಿಪಾಯಿಗಳ ಮಕ್ಕಳು, ಮಾತಾಡಾಕ ಹಿಂಜರೀತಾರ. ಒಬ್ರು ಕಾಕಾ ನೆಟ್ಟಗ ಹೇಳಿದ್ರು, ಅತ್ತ 1942ರಾಗ ಮಂದಿ ಚಲೇಜಾವ್ ಅಂತ ಜೇಲಿಗೆ ಹೋಗ್ತಿದ್ರು, ನಮ್ಮಪ್ಪ ಇತ್ತ ಇಂಗ್ರೇಜರ ಬಂದೂಕ ಹಿಡದಾನ, ಸ್ವಾತಂತ್ರ್ಯ ಬಂದಮ್ಯಾಲ ಯಾವ ಬಾಯಿಲೆ ಹೇಳೋದು ಅಂತ. ನನಗ ಇದು ಬಾಳ ನೋವ ಮಾಡ್ತು. ಹೊಲ ಒಣಗಿ ಹೊಟ್ಟಿಪಾಡಿಗೆ ಬೆಳಗಾಂವಕ್ಕ ನಡಕೋತ ಹೋಗಿ ಭರ್ತಿ ಆದ ಮನಶ್ಯಾನ ಸಾವನ್ನ ಮಗಾ ಮುಚ್ಚಿಡಬೇಕಾತು ನೋಡ್ರಿ. ಮೊಮ್ಮಕ್ಕಳಿಗೆ ಆ ಸಂಕೋಚ ಇಲ್ಲ, ಅವ್ರು ಜುಲೈ 26ಕ್ಕ ಕಾರ್ಗಿಲ್, ಡಿಸೆಂಬರ್ 16ಕ್ಕ 1971 ನೋಡಿ ಬೆಳದವ್ರು, ನಮ್ಮ ಪಣಜ್ಜಂದೂ ಒಂದ ದಿನ ಇರ್ಲಿ ಅಂತಾರ. ಮೇ 8ಕ್ಕ ಯುರೋಪಿನ ಯುದ್ಧ ಮುಗದದ್ದು ಇಲ್ಲಿ ಯಾರಿಗೂ ಲೆಕ್ಕಕ್ಕಿಲ್ಲ, ಇರಬೇಕು ಅಂತಾನೂ ನನಗ ಅನಸಂಗಿಲ್ಲ. ಆದ್ರ ಸುಮಾರು 87,000 ಭಾರತದ ಸಿಪಾಯಿಗಳು ಸತ್ತ ಯುದ್ಧಕ್ಕ ನಮ್ಮ ಊರಾಗ ಒಂದ ದಿನಾನೂ ಇಲ್ಲ ಅಂದ್ರ ಹೆಂಗ. ಇಟಲಿಯ ಮೋಂತೋನೆ ಊರಿನ ಮಂದಿ 2023ರಾಗ ನಮ್ಮ ಮರಾಠಾ ರೆಜಿಮೆಂಟಿನ ನಾಯಕ್ ಹುದ್ದೇದ ಯಶವಂತ ಘಾಡಗೆ ಅವ್ರ ನೆನಪಿಗೆ ಸೂರ್ಯಗಡಿಯಾರ ಕೂಡಿಸ್ಯಾರ, ಅಂವ ಆ ಕಡೆ 1944 ಜುಲೈ 10ಕ್ಕ ಸತ್ತಾವ, ವಿಕ್ಟೋರಿಯಾ ಕ್ರಾಸ್ ಸಿಕ್ಕಾವ.

ಮೊದಲನೇ ಯುದ್ಧದ್ದು ಪಟ್ಟಿಗೆ ಹಾಕಾಂವ ಇದ್ನಿ, ಸದ್ಯಕ್ಕ ಬಿಟ್ಟೇನಿ. ಹಳೇ ಚಾವಡಿ ಗ್ವಾಡಿಗೆ ಅಲ್ಲೊಂದ ಇಲ್ಲೊಂದ ಕಲ್ಲು ಅದಾವ, ಈ ಊರಿಂದ 1914-1919ರ ಯುದ್ಧಕ್ಕ ಇಷ್ಟ ಮಂದಿ ಹೋದ್ರು, ಇಷ್ಟ ಮಂದಿ ಜೀವಾ ಕೊಟ್ರು ಅಂತ, ಹೆಸರಿಲ್ಲ, ಬರೇ ಅಂಕಿ. ಇರಾಕಿನ ಬಸ್ರಾ ಸ್ಮಾರಕದ ಮ್ಯಾಲೂ ಭಾರತದ ಸಾದಾ ಸಿಪಾಯಿಗಳದ್ದು ಹೆಸರ ಕೆತ್ತಿಲ್ಲ, ರೆಜಿಮೆಂಟ್ ಪ್ರಕಾರ ಸಂಖ್ಯಾ ಅಷ್ಟ, ಭಾರತದವ್ರೊಳಗ ಅಧಿಕಾರಿಗಳ ಹೆಸರು ಮಾತ್ರ ಅದಾವ. ಇದು ತಪ್ಪಾತು ಅಂತ ಕಮಿಷನ್ 2021ರಾಗ ಕ್ಷಮಾ ಕೇಳೈತಿ. ಊರಾಗೂ ಅಂಕಿ, ಬಸ್ರಾದಾಗೂ ಅಂಕಿ, ನೆನಪಿಡೋ ಮನಶ್ಯಾರೂ ಉಳದಿಲ್ಲ. ಹಿಂತಾದಕ್ಕ ಬ್ಯಾರೆನ ದಾರಿ ಹುಡಕಬೇಕು, ಅವಸರದಾಗ ಆಗೂ ಕೆಲಸಲ್ಲ.

ಮುಂದಿನ ಕೆಲಸ: ಪೆನ್ಶನ್ ಕಾಗದ ಇದ್ದ ಮನಿಗಳಿಗೆ ಹೋಗೋದು, ಆಮ್ಯಾಲ ಬೆಳಗಾಂವದ ರೆಜಿಮೆಂಟ್ ಸೆಂಟರಿಗೆ ಒಂದ ಅರ್ಜಿ. ನಿಮ್ಮ ಮನ್ಯಾಗ ಮೆಡಲ್ ಇದ್ರ ಫೋಟೋ ಕಳಸ್ರಿ, ಭಾರತದ ಸಿಪಾಯಿಗಳಿಗೆ ಕೊಟ್ಟದ್ರ ಮ್ಯಾಲ ನಂಬರು ಹೆಸರು ಕೆತ್ತಿರ್ತಾರ, ಸ್ಟಾರ್ ಇದ್ರ ಹಿಂದ, ದುಂಡಂದಿದ್ರ ಅಂಚಿಗೆ. ಆ ನಂಬರಿದ್ರ ಸ್ಪೆಲ್ಲಿಂಗಿನ ತ್ರಾಸ ಬಾಳ ಕಡಿಮಿ ಆಗ್ತೈತಿ. ಫೋಟೋ ಬಿಸಲಾಗ ಓರಿ ಹಿಡದ ತಗೀರಿ, ಅಕ್ಷರ ಕಾಣಸ್ತಾವ. ಹುಣಸಿಹಣ್ಣ ಹಚ್ಚಿ ತಿಕ್ಕಬ್ಯಾಡ್ರಿ, ಅಕ್ಷರ ಸವಿತಾವ.