ವಾಕಿಂಗ್ ಆದ ಮೇಲೆ ಇನ್ನು ಹತ್ತು ನಿಮಿಷ ನಿಲ್ಲಿ

ಶಿವಮೊಗ್ಗದಲ್ಲಿ ಬೆಳಿಗ್ಗೆ ನಡೆಯುವವರಿಗೇನೂ ಕಡಿಮೆ ಇಲ್ಲ. ನೆಹರೂ ಸ್ಟೇಡಿಯಂ, ಗಾಂಧಿ ಪಾರ್ಕ್, ಎಲ್ಲಿ ನೋಡಿದರೂ ಸ್ವೆಟರ್ ಹಾಕಿಕೊಂಡು ಬಿರಬಿರನೆ ಹೆಜ್ಜೆ ಹಾಕುವವರು. ನೋಡಿದರೆ ಖುಷಿಯಾಗುತ್ತದೆ. ಆದರೆ ಕೊನೆಯ ಸುತ್ತು ಮುಗಿಯುತ್ತಿದ್ದ ಹಾಗೆ ಹೆಚ್ಚಿನವರು ಸೀದಾ ಸ್ಕೂಟರ್ ಹತ್ತಿ ಹೊರಟುಬಿಡುತ್ತಾರೆ. ನನಗೆ ಬೇಜಾರಾಗುವುದು ಅಲ್ಲೇ. ಮೈ ಬೆಚ್ಚಗಾಗಿ, ಕೈಕಾಲು ಸಡಿಲಾಗಿ, ಸ್ಟ್ರೆಚಿಂಗ್‌ಗೆ ಅದಕ್ಕಿಂತ ಒಳ್ಳೆ ಹೊತ್ತು ಸಿಗುವುದೇ ಇಲ್ಲ, ಆಗಲೇ ಹೋಗಿಬಿಡುತ್ತಾರಲ್ಲ!

ಮಾಡುವವರಲ್ಲೂ ಕೆಲವರು ಶುರುವಿನಲ್ಲೇ ಮಾಡುತ್ತಾರೆ. ಚಳಿಯಲ್ಲಿ ಗಾಡಿ ಇಳಿದವರೇ ಬಗ್ಗಿ ಕಾಲಿನ ಬೆರಳು ಮುಟ್ಟಲು ನೋಡುತ್ತಾರೆ, ಸಿಗದಿದ್ದರೆ ಜಗ್ಗಿ ಜಗ್ಗಿ ಮುಟ್ಟುತ್ತಾರೆ. ಇದು ಬೇಡ. ಎಳೆತ ಎಷ್ಟಾಗುತ್ತಿದೆ ಅಂತ ಗುರುತಿಸುವ ಸಣ್ಣ ಅಂಗಗಳು ಸ್ನಾಯುವಿನೊಳಗೇ ಇವೆ. ಒಮ್ಮೆಲೇ ಜಗ್ಗಿದರೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ಬರುವ ಉತ್ತರ ಸ್ನಾಯುವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅದಲ್ಲದೆ ಓಡುವ ಮೊದಲು ಒಂದೇ ಸ್ನಾಯುವನ್ನು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಶಕ್ತಿಯೇ ಕಡಿಮೆಯಾಗುತ್ತದೆ. ಶುರುವಿಗೆ ಐದು ನಿಮಿಷ ನಿಧಾನ ನಡಿಗೆ, ಕಾಲು ಹಿಂದೆ ಮುಂದೆ ಬೀಸುವುದು, ಭುಜ ತಿರುಗಿಸುವುದು, ಅಷ್ಟು ಸಾಕು. ಎಳೆದು ಹಿಡಿಯುವುದೆಲ್ಲ ಕೊನೆಗೆ.

ಎಲ್ಲ ಬಿಟ್ಟು ಒಂದನ್ನೇ ಮಾಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಮೀನಖಂಡದ್ದು. ಗೋಡೆಗೆ ಎರಡೂ ಅಂಗೈ ಊರಿ, ಒಂದು ಕಾಲು ಹಿಂದಕ್ಕೆ ಇಡಿ. ಹಿಂದಿನ ಕಾಲಿನ ಮಂಡಿ ನೆಟ್ಟಗಿರಲಿ, ಹಿಮ್ಮಡಿ ನೆಲ ಬಿಡಬಾರದು, ಬೆರಳುಗಳು ಗೋಡೆಯ ಕಡೆಗೇ ಇರಲಿ. ಹೆಚ್ಚಿನವರು ಗೊತ್ತಿಲ್ಲದೆ ಪಾದವನ್ನು ಹೊರಕ್ಕೆ ತಿರುಗಿಸಿಬಿಡುತ್ತಾರೆ, ಆಗ ಎಳೆತ ಸರಿಯಾಗಿ ಸಿಗುವುದಿಲ್ಲ. ಈಗ ಸೊಂಟವನ್ನು ಗೋಡೆ ಕಡೆ ನಿಧಾನ ತನ್ನಿ. ಎಳೆತ ಗೊತ್ತಾದ ಕಡೆ ನಿಂತು 30 ಸೆಕೆಂಡ್ ಉಸಿರಾಡಿ. ಆಮೇಲೆ ಹಿಂದಿನ ಪಾದವನ್ನು ಸ್ವಲ್ಪ ಹತ್ತಿರ ತಂದು ಅದೇ ಮಂಡಿಯನ್ನು ಮಡಚಿ, ಹಿಮ್ಮಡಿ ಅಲ್ಲೇ ಇರಲಿ. ಎಳೆತ ಕೆಳಗೆ, ಹಿಮ್ಮಡಿ ಹತ್ತಿರ ಬರುತ್ತದೆ ಅಲ್ವಾ? ಅಲ್ಲಿ ಒಳಗೆ ಇನ್ನೊಂದು ಸ್ನಾಯು ಇದೆ, ಮಂಡಿ ನೆಟ್ಟಗಿದ್ದರೆ ಅದಕ್ಕೆ ಸರಿಯಾದ ಎಳೆತ ಸಿಗುವುದಿಲ್ಲ. ಕುಂದಾದ್ರಿ, ಕೊಡಚಾದ್ರಿ ಹತ್ತುವವರು, ಗುಡ್ಡದ ತೋಟದಲ್ಲಿ ದಿನಾ ಮೇಲೆ ಕೆಳಗೆ ಓಡಾಡುವವರು ಇದನ್ನು ಬಿಡಲೇಬಾರದು. ಏರಿನಲ್ಲಿ ಪಾದದ ಗಂಟು ಚೆನ್ನಾಗಿ ಮಡಚಬೇಕು, ಮೀನಖಂಡ ಬಿಗಿಯಾಗಿದ್ದರೆ ಹಿಮ್ಮಡಿ ಎದ್ದುಬಿಡುತ್ತದೆ.

ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. 1343 ಮೀಟರ್ ಎತ್ತರದ ಕೊಡಚಾದ್ರಿ ಇಳಿದು ಬಂದ ಮಾರನೇ ದಿನ ತೊಡೆ ನೋಯುತ್ತದಲ್ಲ, ಆ ನೋವು ಸ್ಟ್ರೆಚಿಂಗ್‌ನಿಂದ ಹೆಚ್ಚೇನೂ ತಗ್ಗುವುದಿಲ್ಲ. 2011ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 12 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಸಿಕ್ಕಿದ್ದು ತೀರಾ ಸಣ್ಣ ವ್ಯತ್ಯಾಸ. ನೋವು ಹೋಗುತ್ತದೆ ಅಂತ ಶುರುಮಾಡಿದವರು, ಹೋಗಲಿಲ್ಲ ಅಂತ ಬಿಟ್ಟುಬಿಡುತ್ತಾರೆ. ಅದಕ್ಕೇ ಹೇಳಿದೆ.

ಲಾಭ ಇರುವುದು ಬೇರೆ ಕಡೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಊಟ ಮಾಡಿ ಕೈ ಊರದೆ ಏಳುವುದು, ಕುಕ್ಕರಗಾಲಿನಲ್ಲಿ ಕೂರುವುದು, ಅಟ್ಟದ ಮೇಲಿನ ಡಬ್ಬಿಗೆ ಕೈ ಹಾಕುವುದು. ಐವತ್ತು ದಾಟಿದ ಮೇಲೆ ಇವೆಲ್ಲ ಒಂದೊಂದಾಗಿ ಕೈಬಿಡುತ್ತಾ ಹೋಗುತ್ತವೆ, ನಾವು ವಯಸ್ಸಾಯ್ತು ಅಂತ ಸುಮ್ನಾಗುತ್ತೇವೆ. ವಾರಕ್ಕೆ ಎರಡು ಮೂರು ದಿನ ಬಿಡದೆ ಸ್ಟ್ರೆಚ್ ಮಾಡಿದರೆ ಕೆಲವೇ ವಾರದಲ್ಲಿ ಮೈ ಬಗ್ಗುವುದು ಜಾಸ್ತಿಯಾಗುತ್ತದೆ. ಸ್ನಾಯು ಉದ್ದವಾಯಿತು ಅಂತಲ್ಲ. ಮೊದಮೊದಲು ಆಗುವುದು ಇಷ್ಟೇ, ಆ ಎಳೆತವನ್ನು ತಡೆದುಕೊಳ್ಳುವುದು ಮೈಗೆ ರೂಢಿಯಾಗುತ್ತದೆ.

ಅಡಿಕೆ ಸುಲಿಯುವ ಕಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬರುವ ಅಕ್ಕ ಒಬ್ಬರು ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂತು, ಏಳುವಾಗ "ಸೊಂಟ ಹಿಡ್ಕಂಡ್‌ಬಿಟ್ಟಿದೆ ಮಾರಾಯ್ತಿ" ಅನ್ನುತ್ತಿದ್ದರು. ಅವರಿಗೆ ಮತ್ತೆ ಮುಂದಕ್ಕೆ ಬಗ್ಗುವ ವ್ಯಾಯಾಮ ಯಾಕೆ? ಎದ್ದು ನಿಂತು ಸೊಂಟಕ್ಕೆ ಅಂಗೈ ಕೊಟ್ಟು ಮೆಲ್ಲಗೆ ಹಿಂದಕ್ಕೆ ವಾಲುವುದು, ದಾರಂದದ ಎರಡೂ ಕಡೆ ಕೈ ಊರಿ ಒಂದು ಹೆಜ್ಜೆ ಮುಂದಿಟ್ಟು ಎದೆ ತೆರೆಯುವುದು, ಇವೆರಡನ್ನು ತೋರಿಸಿಕೊಟ್ಟೆ. ಈಗ ಕಾಫಿಗೆ ಎದ್ದಾಗೆಲ್ಲ ಮಾಡುತ್ತಾರೆ, ಪಕ್ಕದವರಿಗೂ ಮಾಡಿಸುತ್ತಾರೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೂ ಇದೇ. ಜೊತೆಗೆ ಒಂದು ಮಂಡಿ ಚಾಪೆಗೆ ಊರಿ, ಇನ್ನೊಂದು ಪಾದ ಮುಂದಿಟ್ಟು, ತೊಡೆ ಸೊಂಟ ಸೇರುವಲ್ಲಿ ಎಳೆತ ಬರುವ ಹಾಗೆ ಮುಂದಕ್ಕೆ ಜರುಗಿ.

ಎಳೆತ ಇರಲಿ, ನೋವು ಬೇಡ. ಜೋಮು ಹಿಡಿದರೆ, ಚುಚ್ಚಿದ ಹಾಗಾದರೆ ತಕ್ಷಣ ಬಿಡಿ. ಹೊಸದಾಗಿ ಉಳುಕಿದ ಕಾಲನ್ನು ಎಳೆಯಲು ಹೋಗಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ಮಳೆಗಾಲ. ಜಡಿಮಳೆ ಹಿಡಿದರೆ ನಮ್ಮಲ್ಲಿ ವಾಕಿಂಗ್ ನಿಂತೇ ಹೋಗುತ್ತದೆ, ಅದರ ಜೊತೆ ಸ್ಟ್ರೆಚಿಂಗೂ. ಹಾಗೆ ಬಿಡಬೇಡಿ. ಜಗಲಿಯಲ್ಲೇ ಐದಾರು ನಿಮಿಷ ಜೋರಾಗಿ ಓಡಾಡಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಪಾದಕ್ಕೆ ಟವೆಲ್ ಸಿಕ್ಕಿಸಿ ಕಾಲು ಮೇಲೆತ್ತಿ, ತೊಡೆಯ ಹಿಂಭಾಗ ಎಳೆಯುವವರೆಗೆ ತನ್ನಿ. ಮಂಡಿ ಸ್ವಲ್ಪ ಬಗ್ಗಿದರೂ ಪರವಾಗಿಲ್ಲ. ಒಂದೊಂದು ಕಾಲಿಗೆ ಎರಡು ಸಲ, 30 ಸೆಕೆಂಡ್.