ಮನೆ ಸರಿಯಿದ್ದರೆ ಸಾಕಾ?

12 ಜೂನ್ 2024, ಬುಧವಾರ

ಮಧ್ಯಾಹ್ನ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ತೀರ್ಪು ಕೊಟ್ಟುಬಿಟ್ಟರು: “ಅಪ್ಪ ಅಮ್ಮ ಸರಿಯಿದ್ದರೆ ಸಾಕು, ಮಕ್ಕಳು ಎಲ್ಲಿದ್ದರೂ ಚೆನ್ನಾಗೇ ಬೆಳೀತಾರೆ ಬಿಡಿ.” ಆಗ ಸುಮ್ನಿದ್ದೆ. ಆದರೆ ಮಾತು ತಲೆಯಿಂದ ಹೋಗಲಿಲ್ಲ.

ಬಾಲ್ಯದ ಕಷ್ಟಗಳನ್ನು ಅಳೆಯಲು ಹೊರಟ ಸಂಶೋಧಕರೂ ಮೊದಲು ಮನೆಯೊಳಗೇ ಹುಡುಕಿದ್ದರು. ಅಮೆರಿಕದಲ್ಲಿ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಶ್ನೆಗಳನ್ನು ನೋಡಿ. ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ಜೈಲಿಗೆ ಹೋದವರು. ಬಹುತೇಕ ಎಲ್ಲವೂ ಹೊಸ್ತಿಲ ಒಳಗಿನದೇ. ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಬಿಳಿಯರು, ಓದಿದವರು, ಆರೋಗ್ಯ ವಿಮೆ ಇದ್ದವರು. ಬೀದಿಯಲ್ಲಿ ಗುಂಡಿನ ಸದ್ದು ಕೇಳಿದ್ದೀರಾ ಅಂತ ಯಾರೂ ಕೇಳಲಿಲ್ಲ. ಮುಂದೆ ಫಿಲಡೆಲ್ಫಿಯಾದಲ್ಲಿ ನಡೆದ ಸಮೀಕ್ಷೆಯಲ್ಲಿ ಅಂಥ ಪ್ರಶ್ನೆಗಳನ್ನೂ ಸೇರಿಸಿದರು. ಕಣ್ಣೆದುರು ಹೊಡೆದಾಟ ನೋಡಿದ್ದು, ಓಡಾಡಲು ಭಯವಿರುವ ಬೀದಿ, ತಾರತಮ್ಯ, ಇಂಥವು. ಮನೆಯ ಕಷ್ಟಗಳನ್ನಷ್ಟೇ ಎಣಿಸಿದ್ದರೆ ಲೆಕ್ಕಕ್ಕೇ ಸಿಗದ ಎಷ್ಟೋ ಜನ ಆಗ ಸಿಕ್ಕರು.

ನನ್ನನ್ನು ಹೆಚ್ಚು ಕಾಡುವುದು ಸಮಾಜಶಾಸ್ತ್ರಜ್ಞ ಪ್ಯಾಟ್ರಿಕ್ ಶಾರ್ಕಿ 2010ರಲ್ಲಿ ಬರೆದದ್ದು. ಷಿಕಾಗೋದ ಕಪ್ಪು ಮಕ್ಕಳಿಗೆ ಕೊಟ್ಟ ಓದಿನ ಮತ್ತು ಪದಗಳ ಪರೀಕ್ಷೆಯ ಅಂಕಗಳನ್ನು ಅವರು ನೋಡಿದರು. ಪರೀಕ್ಷೆಗೆ ಮೊದಲಿನ ವಾರದಲ್ಲಿ ಹತ್ತಿರದಲ್ಲೇ ಕೊಲೆ ನಡೆದಿದ್ದರೆ ಅಂಕ ಕಡಿಮೆ. ಮಗು ಅದನ್ನು ನೋಡಿರಬೇಕು ಅಂತೇನಿಲ್ಲ. ಯೋಚಿಸಿ, ಆ ಮಗುವಿನ ಅಮ್ಮ ಎಲ್ಲವನ್ನೂ ಸರಿಯಾಗೇ ಮಾಡಿರಬಹುದು. ಮಗು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ, ಅಷ್ಟೇ. ಶಾಲೆಯಲ್ಲಿ ಅದಕ್ಕೆ ‘ಗಮನ ಕೊಡಲ್ಲ’ ಅನ್ನುವ ಹಣೆಪಟ್ಟಿ ಬೀಳುತ್ತದೆ.

ಅಪ್ಪ ಅಮ್ಮ ಇರುವುದೂ ಅದೇ ಬೀದಿಯಲ್ಲೇ ಅಲ್ವಾ? ಹೊರಗೆ ಭಯವಿದ್ದರೆ ಮಗುವನ್ನು ಆಡಲು ಬಿಡುವುದಿಲ್ಲ. ಇಕ್ಕಟ್ಟಾದ ಮನೆ, ದಣಿದ ಜನ, ಇಡೀ ದಿನ ಒಳಗೇ ಇರುವ ಮಕ್ಕಳು. ರೇಗಾಟ ಜಾಸ್ತಿಯಾಗುತ್ತದೆ. ಆಮೇಲೆ ಪ್ರಶ್ನಾವಳಿಯಲ್ಲಿ ‘ಮನೆಯ ಸಮಸ್ಯೆ’ ಎಂದು ಗುರುತು ಬೀಳುತ್ತದೆ. ಹಾಗಂತ ಹೊಡೆತಕ್ಕೆ ಮಾಫಿ ಇದೆ ಅಂತಲ್ಲ. ಹೊಡೆತ ಶ್ರೀಮಂತರ ಮನೆಗಳಲ್ಲೂ ಇದೆ, ಗೋಡೆ ದಪ್ಪಗಿರುತ್ತದೆ ಅಷ್ಟೇ.

ಜಾಗ ಬದಲಾದರೆ ಏನಾದರೂ ಬದಲಾಗುತ್ತದಾ? 1994ರಲ್ಲಿ ಅಮೆರಿಕ ಸರ್ಕಾರ 5 ನಗರಗಳಲ್ಲಿ ಇದನ್ನು ಪರೀಕ್ಷಿಸಲು ಶುರುಮಾಡಿತು. ಬಡತನ ಕಡಿಮೆ ಇರುವ ಕಡೆ ಬಾಡಿಗೆಗೆ ಹೋಗಲು ಲಾಟರಿ ಎತ್ತಿ ಕುಟುಂಬಗಳಿಗೆ ನೆರವು ಕೊಟ್ಟರು. ದೊಡ್ಡವರ ಸಂಪಾದನೆ ಏರಲಿಲ್ಲ. ಆದರೆ 13 ತುಂಬುವ ಮೊದಲೇ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಸುಮಾರು 31% ಹೆಚ್ಚು ಗಳಿಸುತ್ತಿದ್ದರು ಎಂದು ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ತೋರಿಸಿದರು. ಅದಕ್ಕಿಂತ ದೊಡ್ಡವರಾದ ಮೇಲೆ ಹೋದವರಿಗೆ ಲಾಭ ಕಾಣಲಿಲ್ಲ. ಗೆಳೆಯರನ್ನು ಬಿಟ್ಟು ಹೋದ ನಷ್ಟವೇ ಹೆಚ್ಚಾಯಿತೇನೋ.

ಎಲ್ಲರನ್ನೂ ಬೇರೆ ಕಡೆ ಸಾಗಿಸಲು ಆಗುವುದಿಲ್ಲ, ಸಾಗಿಸಬೇಕಾಗಿಯೂ ಇಲ್ಲ. ಬಡತನ ಒಂದೇ ಮಟ್ಟದಲ್ಲಿದ್ದರೂ ಎಲ್ಲ ಬೀದಿಗಳೂ ಒಂದೇ ಥರ ಇರುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ತಂಡ 1997ರಲ್ಲಿ ಷಿಕಾಗೋದ ನೆರೆಹೊರೆಗಳ ಬಗ್ಗೆ ಬರೆದದ್ದು ಇದನ್ನೇ. ಜನ ಒಬ್ಬರನ್ನೊಬ್ಬರು ನಂಬುವ, ಶಾಲೆ ತಪ್ಪಿಸಿ ಅಲೆಯುವ ಹುಡುಗನನ್ನು ತಡೆದು ಕೇಳುವ ಕಡೆ ಹಿಂಸೆ ಕಡಿಮೆ ಇತ್ತು. ಆದರೆ ಹಾಗೆ ಕೇಳಬೇಕಾದರೆ ಅವನು ಯಾರ ಮಗ ಅಂತ ಗೊತ್ತಿರಬೇಕು. ಬಾಡಿಗೆ ಏರಿದಾಗೆಲ್ಲ ಮನೆ ಖಾಲಿ ಮಾಡುವವರಿಗೆ ಅಷ್ಟು ಪರಿಚಯವಾಗುವಷ್ಟು ದಿನ ಒಂದೇ ಕಡೆ ಇರಲು ಎಲ್ಲಿ ಆಗುತ್ತದೆ?